ಇಪ್ಪತ್ತೈದು ಡಿಗ್ರಿ

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಅಂಚೆ ವ್ಯಾನಿನ ಎಲ್ಮೇರಿ ಒಂದು ಬ್ರೆಡ್ಡಿನ ಚೀಲ ಕೊಟ್ಟ,
ಒಳಗೆ ಬ್ರೆಡ್ಡಿಲ್ಲ: ಎಣ್ಣೆ ಮೆತ್ತಿದ ಗರಗಸದ ಸರಪಳಿ,
ಹಳೆಯ ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದೇ ಅಂಕಿ, 35.
ಹೆಸರಿಲ್ಲ.
"ಯಾರದ್ದು?" ಅಂದೆ.
"ಹೇಳಬೇಡ ಅಂದಿದ್ದಾನೆ."
ಕಿವಿ ಕೆಂಪಾಗಿತ್ತು, ಚಳಿಗೋ ಮುಜುಗರಕ್ಕೋ.

ಹೇಳಬೇಕಿಲ್ಲ ಮಾರಾಯ.
ಕುಹ್ಮೋದ ಬಡಗಲ ಕಾಡಿನ ಸರಪಳಿಗಳೆಲ್ಲ
ನನ್ನ ಬೆರಳಿಗೆ ಗೊತ್ತು.
ಸರೋವರದಾಚೆಯ ರೇಯೋ
ಕಲ್ಲಿಗೆ ತಾಗಿಸದೆ ಒಂದು ವಾರ ಕಳೆದವನಲ್ಲ.
ಟುಯಿಯಾ ಅರ ಹಿಡಿದರೆ ಹೊಲಿಗೆಯಷ್ಟು ಸಮ.
ಶಾಲೆಗೆ ಸೌದೆ ಕೊಡುವ ಓಸ್ಮೋ
ಮೊಂಡು ಹಲ್ಲಲ್ಲೇ ಒತ್ತಿ ಒತ್ತಿ ಹೊಗೆಯೆಬ್ಬಿಸಿ
ಮರ ಸರಿಯಿಲ್ಲ ಎನ್ನುತ್ತಾನೆ.

ಇದು ಟೌನೋನದು.
ಎಡದ ಹದಿನೆಂಟು ಹಲ್ಲು ಗಿಡ್ಡ, ಬಲದ ಹದಿನೆಂಟು ಉದ್ದ.
ಹನ್ನೆರಡರ ಹುಡುಗನಾಗಿದ್ದಾಗಲೂ ಹೀಗೇ,
ಎಡಕ್ಕೆ ಅರದ ಹತ್ತು ಎಳೆತ,
ಬಲಕ್ಕೆ ಬರುವಷ್ಟರಲ್ಲಿ ಬೇಸರ, ಮೂರು.
"ಹಿಲ್ಕಾ, ತಮ್ಮನದನ್ನು ನೋಡು" ಎನ್ನುತ್ತಿದ್ದ ಅಪ್ಪ.

ಇಂಥ ಸರಪಳಿ ನೇರ ಕೊಯ್ಯದು.
ಉದ್ದ ಹಲ್ಲಿನ ಕಡೆಗೆ ಬಾಗುತ್ತ ಬಾಗುತ್ತ ಹೋಗುತ್ತದೆ,
ಕೊಯ್ಯುವವನಿಗೆ ಮಾತ್ರ ತಾನು ನೇರ.
ಹನ್ನೊಂದು ವರ್ಷದ ಹಿಂದೆ ಜೌಗಿನಂಚಿನಲ್ಲಿ
ನನ್ನ ಪಾಲಿನ ನಲವತ್ತು ಸ್ಪ್ರೂಸ್ ಉರುಳಿಸಿ
ಗಡಿ ಹಿಡಿದೇ ಬಂದೆನೆಂದು ಆಣೆ ಇಟ್ಟ.
ಆ ಗೆರೆಯೂ ಬಲಕ್ಕೇ ಬಾಗಿತ್ತು.
ನನ್ನ ಕಾಡು ಇರುವುದು ಬಲಕ್ಕೆ.

ಸಾಣೆಯಂತ್ರದ ತಿರುಪು ಸಡಿಲಿಸುತ್ತೇನೆ.
ಮೂವತ್ತೈದು ಬೇಸಗೆಯ ಅಂಕಿ,
ಜುಲೈಯ ಪೈನಿಗೆ, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ.
ಮೂವತ್ತು, ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು,
ಯಾರಿಗೂ ನೋವಾಗದ ಮಾತು.
ಮರದುದ್ದಕ್ಕೂ ಹಲಗೆ ಸೀಳುವವರಿಗೆ ಹತ್ತು, ಅವರಿಗೆ ಅವಸರವಿಲ್ಲ.
ಹೆಪ್ಪುಗಟ್ಟಿದ ಬರ್ಚಿಗೆ ಇಪ್ಪತ್ತೈದು.
ಈ ಚಳಿಯಲ್ಲಿ ಮರ ಕಲ್ಲಿನ ಪಕ್ಷ.
ತೆಳು ಮೊನೆ ಮಧ್ಯಾಹ್ನದೊಳಗೆ ಮಡಚಿಕೊಳ್ಳುತ್ತದೆ,
ಆಮೇಲೆ ಒತ್ತುತ್ತಾನೆ. ಒತ್ತುವವನೇ ಅವನು.

ಪ್ರತಿ ಹಲ್ಲಿನ ಮುಂದೊಂದು ಪುಟ್ಟ ಗೂನು,
ಇಷ್ಟೇ ಕಚ್ಚು, ಇನ್ನು ಬೇಡ, ಎನ್ನುವುದು ಅದರ ಕೆಲಸ.
ಟೌನೋ ಅದನ್ನೂ ಅರೆದು ತಗ್ಗಿಸಿದ್ದಾನೆ.
ಹೀಗಾದ ಗರಗಸ ಮರವನ್ನು ಕಬಳಿಸಹೋಗಿ
ಹಿಡಿದವನ ಮುಖಕ್ಕೇ ಚಿಮ್ಮೀತು.
ಅರವತ್ತೆರಡು ಅವನಿಗೆ. ಒಬ್ಬನೇ ಹೋಗುತ್ತಾನೆ,
ಹೆಲ್ಮೆಟ್ ಇಲ್ಲ, ಅಪ್ಪನ ತುಪ್ಪಳದ ಟೋಪಿ.

ತಗ್ಗಿದ ಗೂನನ್ನು ಮತ್ತೆ ಬೆಳೆಸುವ ಯಂತ್ರವಿಲ್ಲ.
ಹಲ್ಲನ್ನೇ ಹಿಂದಕ್ಕೆ ಸವೆಸಬೇಕು.
ಹಿಂದೆ ಸರಿದಷ್ಟೂ ಹಲ್ಲು ತಾನೇ ತಗ್ಗುತ್ತದೆ,
ಎರಡರ ನಡುವೆ ಒಂದು ಉಗುರಿನ ದಪ್ಪ ಉಳಿಯುವ ತನಕ.
ಮುಟ್ಟಿ ಬಿಡು, ಮುಟ್ಟಿ ಬಿಡು.
ಒಂದು ಉಸಿರು ಹೆಚ್ಚಾದರೂ ಉಕ್ಕು ನೀಲಿಗಟ್ಟಿ ಹದ ಹಾರುತ್ತದೆ,
ಮತ್ತೆ ಯಾವ ಡಿಗ್ರಿಯೂ ಕೆಲಸಕ್ಕೆ ಬಾರದು.
ಅವತ್ತು ಗಡಿಯಲ್ಲಿ ನಾನಾಡಿದ ಮಾತೂ ನೀಲಿಯಿತ್ತು.

ಬಲದ ಹದಿನೆಂಟನ್ನು ಎಡದಷ್ಟಕ್ಕೆ ತಂದೆ.
ರಸೀದಿಯ 35 ಹೊಡೆದುಹಾಕಿ 25 ಬರೆದೆ.
ಕೆಳಗೆ ಇನ್ನೇನೋ ಬರೆಯಹೋಗಿ,
"ಏಪ್ರಿಲಿಗೆ ಮತ್ತೆ ಕಳಿಸು, ಕೋನ ಬದಲಿಸಬೇಕು", ಅಷ್ಟೇ.
ದರ ಬರೆಯಲಿಲ್ಲ.
ಆಮೇಲೆ ಬರೆದೆ, ಹದಿನಾಲ್ಕು ಯೂರೋ.
ಪುಕ್ಕಟೆಯಾದರೆ ವಾಪಸು ಕಳಿಸುವ ಜಾತಿ.

ಸೋಮವಾರ, ಜೌಗಿನಾಚೆ ಗರಗಸ ಶುರುವಾಯಿತು.
ಕಾಫಿ ಹಿಡಿದು ಬಾಗಿಲಲ್ಲಿ ನಿಂತೆ.
ಏರಲಿಲ್ಲ, ಕಿರುಚಲಿಲ್ಲ, ಒಂದೇ ಸಮ.
ಹಿಮದ ಮೇಲೆ ಹುಡಿಯಲ್ಲ,
ಚಕ್ಕೆ ಬೀಳುತ್ತಿರಬೇಕು.