ಹದಿನೇಳನೆಯ ಕಿಂಡಿ

ಗ್ರಿಮ್ಸ್‌ಬಿಯ ಮೀನು ಮಂಡಿಯಲ್ಲಿ ನಸುಕಿನ ನಾಲ್ಕಕ್ಕೆ
ಹರಾಜಿನ ಗಡಿಯಾರ ನಿಂತುಹೋಯಿತು.
ಕಾಡ್ ಮೀನಿನ ಪೆಟ್ಟಿಗೆ ಮುನ್ನೂರ ಹನ್ನೆರಡು,
ಐಸಿನ ಮೇಲೆ ಕಣ್ಣು ಬಿಟ್ಟುಕೊಂಡೇ ಬಿದ್ದಿವೆ.
ತೂಕದ ಯಂತ್ರ ಮೂಕ, ಫೋನೂ ಮೂಕ.
ಟೆರೆನ್ಸ್ ಆಲಿವಂಟ್ ರಬ್ಬರ್ ಬೂಟು ನೆಲಕ್ಕೆ ಕುಟ್ಟಿ
"ನಿನ್ನ ಡಬ್ಬಿಗಳಿಗೆ ಏನು ಬಂತು ರೋಗ, ವಾರಿಜಾ?" ಅಂದ.

ಮಹಡಿಯ ಕೋಣೆಯಲ್ಲಿ
ಎಲ್ಲ ದೀಪವೂ ಹಸಿರು, ಒಟ್ಟಿಗೇ,
ರೆಪ್ಪೆ ಬಡಿಯುವಷ್ಟೂ ಬಿಡುವಿಲ್ಲದೆ.
ಮಿನುಗಲ್ಲ ಅದು, ನಡುಕ.
ಇಷ್ಟು ಹಸಿರು ಕಂಡರೆ ನನ್ನ ಕಸುಬಿನವರಿಗೆ ಹೆದರಿಕೆ.

ಆದದ್ದಿಷ್ಟೇ:
ಯಾವುದೋ ಪ್ರಿಂಟರು ಎಂದಿನಂತೆ ಕೂಗಿತ್ತು,
"ಹತ್ತನೇ ನಂಬರಿನವರು ಯಾರ್ರೀ, ಓ ಅನ್ನಿ."
ಸ್ವಿಚ್ಚು ಬಲ್ಲದ್ದು ಒಂದೇ ಧರ್ಮ:
ಕೂಗು ಬಂದ ಬಾಗಿಲೊಂದನ್ನು ಬಿಟ್ಟು
ಉಳಿದೆಲ್ಲ ಬಾಗಿಲಿಗೂ ದಾಟಿಸು.
ಆದರೆ ಎಲ್ಲೋ ಒಂದು ತಂತಿ
ತನ್ನ ಬಾಲ ತಾನೇ ಕಚ್ಚಿಕೊಂಡಿದೆ.
ಕಳಿಸಿದ ಕೂಗು ಹಿತ್ತಿಲಿಂದ ಸುತ್ತಿ ಬಂದು
ಹೊಸ ನೆಂಟನ ಹಾಗೆ ಕದ ತಟ್ಟುತ್ತದೆ,
ಮತ್ತೆ ದಾಟುತ್ತದೆ, ಮತ್ತೆ ತಟ್ಟುತ್ತದೆ.
ಗಾಣದೆತ್ತಿಗಾದರೂ ದಣಿವುಂಟು.
ಈ ಕೂಗಿಗೆ ಮುಪ್ಪಿಲ್ಲ,
ಎಷ್ಟು ಸುತ್ತಾಯಿತೆಂದು ಎಣಿಸಲು
ಮೈಮೇಲೊಂದು ಗೀಟೂ ಇಲ್ಲ.

ಒಂದೊಂದೇ ತಂತಿ ಕಿತ್ತೆ. ಹದಿನಾಲ್ಕು. ಹದಿನೈದು.
ಹದಿನೇಳಕ್ಕೆ
ದೀಪಗಳು ಉಸಿರು ಬಿಟ್ಟವು.
ಕೆಳಗೆ ಯಾರೋ ಹೋ ಎಂದರು.

ತಿಂಡಿ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು ದೈವಾ.
(ಲಿಥುವೇನಿಯಾದವಳು. ಆ ಹೆಸರಿಗೆ ನಮ್ಮ ಕಡೆ
ಕೋಲ ಕಟ್ಟುತ್ತಾರೆಂದು ಇನ್ನೂ ಹೇಳಿಲ್ಲ ನಾನು.)
ಗೋಡೆಯಿಂದ ಜೋತಿದ್ದ ನೀಲಿ ತಂತಿ
ಯಾರ ಕಾಲಿಗೂ ತೊಡರದಿರಲಿ ಎಂದು
ಅದರ ಬಿಡಿ ತುದಿಯನ್ನೂ ಪಕ್ಕದ ಕಿಂಡಿಗೆ
ಓರಣವಾಗಿ ಸಿಕ್ಕಿಸಿದ್ದಳು.
"ತಪ್ಪಾಯಿತಾ?"
ಇಲ್ಲ ತಾಯಿ. ತೂಕದ ಯಂತ್ರ
ಅರ್ಧ ನಿಮಿಷ ತಡವಾಗಿ ಏಳುತ್ತದೆಂದು
ಹಳಬನೊಬ್ಬ ಇಲ್ಲಿನ ಮರವನ್ನು ಕಡಿದಿಟ್ಟಿದ್ದ;
ನೆಡೋಣ ನಾಳೆ, ನೆಡೋಣ ನಾಳೆ ಎಂದು
ಎರಡು ವರ್ಷ ತಳ್ಳಿದವಳು ನಾನು.

ಅವತ್ತೇ ಕೂತು ನೆಟ್ಟೆ.
ಸುಮ್ಮನೆ ಬಿಟ್ಟರೆ ಸ್ವಿಚ್ಚುಗಳು
ಐಸ್ ಮನೆಯ ಹಿಂದೆ ತುಕ್ಕು ತಿನ್ನುವ ಮುದುಕನನ್ನೇ
ಗದ್ದುಗೆಗೆ ಏರಿಸುತ್ತವೆ, ಅವನ ನಂಬರು ಸಣ್ಣದೆಂದು.
ಬೇರು ಎಲ್ಲಿ ಇಳಿಯಬೇಕೆಂದು ನಾನೇ ಬರೆದೆ.
ಗೋಡೆಯ ಕಿಂಡಿಗಳಿಗೆ ಮಾತ್ರ
ಅಜ್ಜಿ ಸೀಮೆಸುಣ್ಣದಲ್ಲಿ ಕದಕ್ಕೆ ಬರೆಯುತ್ತಿದ್ದದ್ದು:
ಮನೆಯವರದೇ ದನಿ ತೆಗೆದು
ಹೊರಗಿನಿಂದ ಯಾರಾದರೂ ಕರೆದರೆ
ಓಗೊಡಬೇಡ. ನಾಳೆ ಬಾ.

ಈಗ ಹಡಗುಕಟ್ಟೆಯಾಚೆಗೆ ಹೋಗುವ ಎರಡು ದಾರಿಯಲ್ಲಿ
ಒಂದಕ್ಕೆ ಕಿತ್ತಳೆ ದೀಪ.
ಕೆಟ್ಟಿದೆಯಾ ಎಂದು ಟೆರೆನ್ಸ್ ದಿನಾ ಕೇಳುತ್ತಾನೆ.
ಕೆಟ್ಟಿಲ್ಲ. ಎರಡು ಸೆಕೆಂಡಿಗೊಮ್ಮೆ
ಬೇರಿನಿಂದ ಬರುವ ಪಿಸುಮಾತು ಕೇಳಿಸಿಕೊಳ್ಳುತ್ತದೆ,
ಯಾರಿಗೂ ದಾಟಿಸುವುದಿಲ್ಲ.
ಆಚೆಯ ತಂತಿ ಕಡಿದ ದಿನ ಏಳುತ್ತದೆ.
ಅಲ್ಲಿಯತನಕ ಕೇಳಿದ್ದು ಕೇಳಿದಲ್ಲೇ.

ಮನೆಗೆ ಹೊರಟಾಗ ಕಾಗದದಲ್ಲಿ ಸುತ್ತಿದ ಮೀನೆರಡು ಕೊಟ್ಟ.
ಒಂದು ದೈವಾಳಿಗೆ.
ನೀಲಿ ತಂತಿಯನ್ನು ಅವಳು ಮೀನು ಪೆಟ್ಟಿಗೆಯ ಹುರಿಯಿಂದ ಬಿಗಿದು
ನನ್ನ ಕೋಟಿನ ಗೂಟಕ್ಕೆ ತೂಗುಹಾಕಿದ್ದಳು,
ಎರಡೂ ತುದಿ ಬೇರೆ ಬೇರೆ ದಿಕ್ಕಿಗೆ.