ಎರಡು ಮಾರು ಹಗ್ಗ

ಕೆಂಪು ಎಳಿ ಒಂದು ಲಾಳಿಯ ಮುಂಗಾಲ ಬೆರಳ ಸಂದಿನ್ಯಾಗ
ಸುತ್ತಿಕೊಂಡಿತ್ತು. ನಾ ಎಳದೆ.
ಅಕಿ ಕಚ್ಚಿದಳು.
ಇಷ್ಟ ನಡದದ್ದು.

ಬನಹಟ್ಟಿಯ ನಮ್ಮ ಓಣಿಯಾಗ ಆಗ ಮನಿಮನಿಗೂ ಮಗ್ಗ.
ಖಟಖಟ ನಿಂತರ ನಿದ್ದಿಯೊಳಗಿನ ಕೂಸುಗಳು ಸೈತ ಏಳತಿದ್ದುವು.
ಲಾಳಿನೂ ಹಂಗ. ಕರೆಂಟ್ ಹೋತಂದ್ರ ಕಿವಿ ನಿಗಚಿ
ಏನೋ ಕಳಕೊಂಡವರಂಗ ನೋಡಾಕಿ.
ಈ ಗೋಡಿಯಿಂದ ಆ ಗೋಡಿಗೆ ಅಕಿ ಓಡೋದು ಕಂಡು
ಅಪ್ಪನ ಆ ಹೆಸರಿಟ್ಟಿದ್ದ.

ಮೊಳಿ ತರಚೇತಿ ಅಂತ ಸುಳ್ಳ ಹೇಳಿದೆ.
ಆಯಿ ನನ್ನ ಮಣಿಕಟ್ಟು ಹಿಡದು ದೀಪಕ್ಕ ಒಡ್ಡಿ
"ಮೊಳಿಗೆ ನಾಕು ಹಲ್ಲ ಎಲ್ಲಿಂದ ಬಂದುವ, ದಾನೀ?" ಅಂದಳು.

ಎದುರು ಮನಿ ಸಂಗಪ್ಪ ಕಾಕಾ ಬಡಿಗಿ ತಂದ.
ಅಪ್ಪನ ಕೈಯಾಗೂ ಒಂದಿತ್ತು. ಅದನ್ನ ನಾ ಮರತಿಲ್ಲ.
ದವಾಖಾನಿಯ ನರ್ಸಬಾಯಿ ಹೇಳಿದ್ದಕ್ಕ ಅಷ್ಟ ಉಳದಳು:
"ನಾಯಿ ಸಾಯಿಸಬ್ಯಾಡ್ರಿ. ಹತ್ತ ದಿನಾ ಕಟ್ಟಿ ನೋಡ್ರಿ.
ಅದು ಬದುಕಿದ್ರ ಹುಡುಗಿಗೆ ಹೊಟ್ಟ್ಯಾಗಿನ ಸೂಜಿ ನಿಲ್ಲಸೂಣು.
ಇಲ್ಲಾಂದ್ರ ಹದಿನಾಕೂ ಆಗಬೇಕು."

ಅಂದ್ರ ಅಕಿ ಸಾಕ್ಷಿ.
ಸಾಕ್ಷಿಯನ್ನ ಹಿತ್ತಲ ಬೇವಿನ ಗಿಡಕ್ಕ ಕಟ್ಟಿದರು,
ಎರಡು ಮಾರು ಹಗ್ಗ.

ಮುಂಜಾನೆ ಸೂಜಿ, ಹೊಕ್ಕಳದ ಸುತ್ತ.
ಸಂಜೀಕ ಹಗ್ಗ ಮುಟ್ಟದ ಜಾಗದಾಗ ನಾ.
ಆಯಿ ಇದ್ದಲಿಯಿಂದ ಗೆರಿ ಕೊರದಿದ್ದಳು,
ಈಚೆ ನನ್ನ ಕಾಲಬೆರಳು, ಆಚೆ ಅಕಿ ಮೂಗು.
ಅಕಿ ಉಸಿರು ಬಿಟ್ಟರ
ನನ್ನ ಪಾದದ ಮುಂದಿನ ಧೂಳ ಅಲುಗತಿತ್ತು.

ಮೂರನೇ ದಿನ ನೀರು ಕುಡದಳು. ಆಯಿ ಹಣಿಗೆ ಕೈ ಹಚ್ಚಿ ಕೈ ಮುಗದಳು.
ಐದಕ್ಕ ರೊಟ್ಟಿ ಮೂಸಿ ಬಿಟ್ಟಳು.
"ನೋಡಿದ್ರಿಲ್ಲೋ?" ಅಂದ ಸಂಗಪ್ಪ ಕಾಕಾ.
ಅಂದ ಅವ್ವ ಉಣ್ಣಲಿಲ್ಲ, ನನ್ನ ತಲಿ ಮೂರು ಸಲ ಬಾಚಿದಳು.

ನನಗ ಕಂಡದ್ದ ಬ್ಯಾರೆ.
ಎಳಿ ಬಿಗದು ಪಾದ ಬಾತಿತ್ತು. ಅಕಿ ನೆಕ್ಕಿ ನೆಕ್ಕಿ
ನೂಲು ಯಾವುದು, ರಕ್ತ ಯಾವುದು ತಿಳೀದಂಗ ಆಗಿತ್ತು.
ಹೇಳಬೇಕಿತ್ತು.
ಹೇಳಿದ್ರ ಎಳದಾಕಿ ನಾ ಅಂತ ಗೊತ್ತಾಕ್ಕಿತ್ತು.

ಎಂಟನೇ ರಾತ್ರಿ ಕರೆಂಟ್ ಹೋತು. ಓಣಿ ಪೂರಾ ಗಪ್ಪ.
ಆ ಗಪ್ಪಿನಾಗ ಅಕಿ ಕುಂಯ್ ಅಂದದ್ದು ಕೇಳಿತು.
ಅಪ್ಪ ಎದ್ದ. ಹಿಂದ ನಾ.
ಕತ್ತಲಾಗ ಅವನ ಬೆನ್ನಿಗೆ ಹೇಳಿದೆ:
"ಅಪ್ಪಾ, ಕಾಲಾಗ ಎಳಿ ಐತಿ. ನಾನ ಎಳದಿದ್ದೆ."

ಅಂವ ಏನೂ ಅನಲಿಲ್ಲ.
ಕಂದೀಲು ಗೆರಿ ಮ್ಯಾಲ ಇಟ್ಟ. ದಾಟಿದ.
ಕಡದ ಎಳಿ ನೋಡದ ಕೂಡಸತಿದ್ದ ಬೆರಳು ಅವು,
ಜಳಕಾ ಮಾಡಿದರೂ ಗಂಜಿ ವಾಸನಿ ಹೋಗದ ಬೆರಳು.
ಲಾಳಿ ಹಲ್ಲು ತೋರಿಸಿದಳು. ಅಂವ ಕೈ ಹಿಂದ ತಗೀಲಿಲ್ಲ.
ಹಲ್ಲು ಹಂಗ ಇದ್ದುವು, ಕೈಯೂ ಹಂಗ,
ಎಷ್ಟ ಹೊತ್ತೋ.
ಆಮ್ಯಾಲ ಕತ್ತರಿ ಕಚ್ ಅಂದದ್ದು.

ಹತ್ತಕ್ಕ ಹಗ್ಗ ಬಿಚ್ಚಿದರು.
ನಾ ಎರಡೂ ಕೈ ಚಾಚಿ ಕುಂತಿದ್ದೆ.
ಅಕಿ ನನ್ನ ಕಡೆ ನೋಡಲೂ ಇಲ್ಲ,
ಕುಂಟತಾ ಒಳಗ ಹೋಗಿ ಮಗ್ಗದ ಬುಡಕ್ಕ ಬಿದ್ದು
ಆ ಸಪ್ಪಳದಾಗ ಎರಡು ದಿನಾ ಮಲಗಿದಳು.
ಸಿಟ್ಟು ಬಂತು. ಅತ್ತೆ.
ಮೂರನೇ ದಿನ ನಾನೂ ಹೋಗಿ ಅಲ್ಲೇ ಅಡ್ಡಾದೆ,
ಬೆನ್ನಿಗೆ ಬೆನ್ನು ಹಚ್ಚಿ, ಮಾತಾಡದ.

ಈಗ ನನ್ನ ಮಗಳು ಮಣಿಕಟ್ಟು ಹಿಡದು ಕೇಳತಾಳ,
"ಇವೇನವ್ವಾ, ನಾಕು ಚುಕ್ಕಿ?"
ಮೊಳಿ ತರಚಿತ್ತು ಅಂತೀನಿ.