ಹೆಬ್ಬೆಟ್ಟು

ತ್ಯೂಬೊರೊನ್ ಬಂದರಿನಲ್ಲಿ ಗಾಳಿಗೆ ರಜೆಯಿಲ್ಲ.
ದೋಣಿಯ ಇಂಜಿನ್ ಬಿಚ್ಚಿ ಅಪ್ಪ
ಮೀನಿನ ಪೆಟ್ಟಿಗೆಯ ಮೇಲೆ ಹಳೇ ಪೇಪರು ಹಾಸಿ ಹರಡಿದ್ದ:
ಮೂರು ಸಿಲಿಂಡರು, ಆರು ಟ್ಯಾಪೆಟ್ಟು.
ನಲವತ್ತು ವರ್ಷ ಕ್ಯಾಮಿನ ಏಟು ತಿಂದು
ಆರರ ಮುಖವೂ ನಡುವೆ ಕುಳಿಬಿದ್ದಿತ್ತು,
ಒರಳಿನ ಹಾಗೆ.
ಹೊಸವನ್ನು ಈಗ ಯಾರೂ ಮಾಡುವುದಿಲ್ಲ.

ಅರೆದು ಮಟ್ಟ ಮಾಡಿ ಕರಿ ಲೇಪ ಹಾಕೋಣ, ಎಂದೆ.
ಬಣ್ಣವಾ? ಅಂದ.
ಬಣ್ಣವಲ್ಲ, ಐನಾರ್.
(ಕೆಲಸದ ಮಾತು ಬಂದರೆ ಅಪ್ಪನನ್ನು ಹೆಸರು ಹಿಡಿದೇ ಕರೆಯುವುದು ನಾನು.)
ಕುಲ ಇದ್ದಿಲಿನದು, ಗುಣ ವಜ್ರದ್ದು,
ಕೂದಲನ್ನು ಮೂವತ್ತಾಗಿ ಸೀಳಿದರೆ
ಒಂದು ಸೀಳಿನಷ್ಟು ದಪ್ಪ.
ಉಕ್ಕು ಉಕ್ಕನ್ನು ಕಚ್ಚುತ್ತದೆ,
ಇದರ ಮೇಲೆ ಜಾರುತ್ತದೆ
ಕೆಸರಿನಲ್ಲಿ ಹಾವುಮೀನು ಜಾರಿದಂತೆ.

ಅಪ್ಪ ತಲೆಯಾಡಿಸಿದ,
ಒಪ್ಪಿದ್ದಕ್ಕಲ್ಲ, ಮಾತು ಮುಗಿಯಲೆಂದು.
ಉಜ್ಜಾಡದೆ ಯಾವುದು ಹೊಂದಿಕೊಂಡಿದೆ, ಬೊದಿಲ್?
ಹೊಸ ಇಂಜಿನನ್ನು ಮೊದಲ ನೂರು ತಾಸು ಮೆಲ್ಲಗೆ ಓಡಿಸಬೇಕು,
ಇದರ ಉಬ್ಬು ಅದರ ಉಬ್ಬನ್ನು ತಿಂದು
ಪರಿಚಯವಾಗಬೇಕು, ಇದು ಅವನ ಶಾಸ್ತ್ರ.
ಅವನೂ ಅಮ್ಮನೂ ಹಾಗೆಯೇ ಇದ್ದಿರಬೇಕು.
ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.

ಶುಕ್ರವಾರ ರಾತ್ರಿ ಪಾಳಿ, ಓರ್ಹೂಸ್.
ಬಿಳಿ ನಿಲುವಂಗಿ, ತಲೆಗೆ ಬಲೆಟೊಪ್ಪಿ;
ಬಲೆ ಬೀಸುವವನೇ ಬಲೆಯೊಳಗೆ ಎಂದು ನಕ್ಕೆ.
ಲಾರಿ ಪಿಸ್ಟನ್ನಿನ ಪಿನ್ನುಗಳು ಸಾಲುಗಟ್ಟಿದ್ದವು,
ತುದಿಯಲ್ಲಿ ಒಂದಿಷ್ಟು ಜಾಗ ಖಾಲಿ.
ಲೆಕ್ಕದ ಪುಸ್ತಕದಲ್ಲಿ ಈ ಆರು ಇಲ್ಲ.
ಮೂರು ತೊಟ್ಟಿಗಳಲ್ಲಿ ತೊಳೆದು, ಒಣಗಿಸಿ,
ತಟ್ಟೆಯಲ್ಲಿಟ್ಟು ಬಾಗಿಲ ಕಡೆ ತಿರುಗಿದೆ.
ಹನ್ನೊಂದು ವರ್ಷದಲ್ಲಿ ಒಂದನ್ನೂ
ನಾನು ಬರಿಗೈಯಲ್ಲಿ ಮುಟ್ಟಿದ್ದಿಲ್ಲ.

ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆ
ಆರ್ಗಾನ್ ಬಿಟ್ಟೆ. ಕಿಂಡಿಯಲ್ಲಿ ನೇರಳೆ ಬೆಳಕು.
ಅಪ್ಪ ಗಾಜಿಗೆ ಹಣೆಯೊತ್ತಿ ನಿಂತ,
ಒಳಗೆ ಒಂಚೂರೂ ಗಾಳಿಯಿಲ್ಲವಾ, ಅಂದ.
ಒಂಚೂರೂ ಇಲ್ಲ.
ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಬೆಳಗಿನ ಜಾವ ತೆರೆದೆ.
ಐದು ಕಪ್ಪು, ಬಾವಿಯ ನೀರಿನ ಕಪ್ಪು,
ನನ್ನ ಮೂಗು ಕಾಣುವಷ್ಟು.
ಆರನೆಯದರ ನಟ್ಟನಡುವೆ ಲೇಪ ಎದ್ದು ಬಂದು
ಬೂದು ಉಕ್ಕಿನಲ್ಲಿ ಸುಳಿ, ಸುಳಿಯೊಳಗೆ ಸುಳಿ.
ಯಾವ ಮಾಯದಲ್ಲಿ ಸವರಿದ್ದನೋ!
ಮಟ್ಟ ನೋಡಲು ಅವನಿಗಿರುವ ಅಳತೆಪಟ್ಟಿ ಅದೊಂದೇ.
ದಿನಕ್ಕೆರಡು ಪೇಪರು ಓದುವ ಅಪ್ಪ
ಹೆಬ್ಬೆಟ್ಟು ಒತ್ತಿದ್ದ.

ಇದೇ ಬೆರಳನ್ನು ಹೋದ ವರ್ಷ
ಪಾಸ್‌ಪೋರ್ಟ್ ಕಚೇರಿಯ ಯಂತ್ರ ಮೂರು ಸಲ ಒಲ್ಲೆಂದಿತ್ತು,
ಹಗ್ಗ ಎಳೆದೆಳೆದು ಗೆರೆ ಸವೆದಿದೆ ಎಂದು.
ನಮ್ಮ ಲೇಪ ಓದಿತು.

ಕಿತ್ತು ಮತ್ತೆ ಹಾಕಬಹುದಿತ್ತು, ವೇಳೆ ಇರಲಿಲ್ಲ,
ಸೋಮವಾರದ ಹರಾಜಿಗೆ ಮೀನು ಬೇಕು.
ಲೇಪ ಪೂರಾ ತೆಗೆದು, ಉಜ್ಜಿ, ಬರಿಮೈಯಲ್ಲೇ ಕೂರಿಸಿದೆ.
ಎಲ್ಲಿ ಎಂದು ಹೇಳಲಿಲ್ಲ.

ಬಂದರು ದಾಟಿದ ಮೇಲೆ
ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗಿಟ್ಟು
ಹಿಡಿಯನ್ನು ಕಿವಿಗೊತ್ತಿ ಆಲಿಸಿದ,
ಒಂದರಿಂದ ಒಂದಕ್ಕೆ, ವೈದ್ಯನ ಹಾಗೆ.
ಐದು ಸುಮ್ಮನಿವೆ, ಅಂದ.
ಆಮೇಲೆ ಎರಡನೇ ಸಿಲಿಂಡರಿನ ಹೊಗೆಯ ಪಕ್ಕ ಬೆರಳಿಟ್ಟು,
ಇದು ಮಾತಾಡುತ್ತೆ.

ಮುಂದಿನ ವಾರ ಸರಿಮಾಡಿ ತರಲಾ?

ಇರಲಿ ಬಿಡು.
ಎಣ್ಣೆ ತಗ್ಗಿದರೆ
ಕೂಗಿ ಹೇಳುವುದಕ್ಕೆ ಒಬ್ಬರಾದರೂ ಬೇಕಲ್ಲ.

ಮುಂದಿನ ಚಳಿಗಾಲ ಬಿಚ್ಚಿದಾಗ ಅಳೆಯಬೇಕು.
ಎಷ್ಟು ತಾಸು, ಎಷ್ಟು ಸವೆತ,
ನೋಟುಬುಕ್ಕಿನಲ್ಲಿ ಆರು ಸಾಲು ಎಳೆದಿದ್ದೇನೆ.
ಐದಕ್ಕೆ ನಂಬರು ಹಾಕಿದೆ.
ಆರನೆಯದಕ್ಕೆ ಐನಾರ್ ಎಂದು ಬರೆದು,
ಹೊಡೆದುಹಾಕಿ,
ಅಪ್ಪ ಎಂದು ಬರೆದೆ.